ನೆಲದ ಲೆಕ್ಕ ಯಾರ ಪುಸ್ತಕದಲ್ಲಿದೆ?

ಶಕ್ತಿನಗರದ ನಮ್ಮ ಓದುಗರಲ್ಲಿ ಹೆಚ್ಚಿನವರು ಜಮೀನುದಾರರಲ್ಲ. ಕೆಲವರು ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವರು, ಕೆಲವರು ಬೈಕಂಪಾಡಿಗೆ ಪಾಳಿಯ ಕೆಲಸಕ್ಕೆ ಹೋಗುವವರು, ಇನ್ನು ಕೆಲವರು ಬಾಡಿಗೆ ಕೋಣೆಯಲ್ಲಿ ದಿನಸಿಯನ್ನೋ ಚಾದಂಗಡಿಯನ್ನೋ ಇಟ್ಟು ಸಂಸಾರ ತೂಗಿಸುವವರು. ಸ್ವಂತಕ್ಕೆ ನಾಲ್ಕೈದು ಸೆಂಟ್ಸ್ ಜಾಗವಿದ್ದರೆ ಅದೇ ದೊಡ್ಡ ಆಸ್ತಿ. ಅಂಥವರಲ್ಲಿ ಒಬ್ಬ ವ್ಯಾಪಾರಿ ಮಿತ್ರರು ಈಚೆಗೆ ನಮ್ಮನ್ನು ನೇರವಾಗಿಯೇ ಕೇಳಿದರು: "ನೀವು ಮಾತೆತ್ತಿದರೆ ಭೂಸ್ವಾಧೀನ ಎನ್ನುತ್ತೀರಿ. ಎಕರೆಗಟ್ಟಲೆ ಇದ್ದವರಿಗೆ ಪರಿಹಾರ ಸಿಗುತ್ತದೆ. ರಸ್ತೆ ಬಂದರೆ ನಮಗೆ ಗಿರಾಕಿ, ಕಾರ್ಖಾನೆ ಬಂದರೆ ನಮ್ಮ ಮಕ್ಕಳಿಗೆ ಕೆಲಸ. ಇದರಲ್ಲಿ ನಮ್ಮ ಗಂಟೇನು ಹೋಗುತ್ತದೆ?"

ಪ್ರಶ್ನೆ ನ್ಯಾಯವಾದದ್ದು. ಕೇಳಿದವರು ಕೆಟ್ಟ ಮನಸ್ಸಿನಿಂದ ಕೇಳಿದ್ದೂ ಅಲ್ಲ. ಇದೇ ಮಾತನ್ನು ಹತ್ತು ಮಂದಿ ಬಾಯಿಬಿಟ್ಟು ಹೇಳಿದರೆ ನೂರು ಮಂದಿ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಾರೆಂದು ನಾವು ಬಲ್ಲೆವು. ಆದ್ದರಿಂದ ಈ ವಾರ ಅದಕ್ಕೇ ಉತ್ತರ ಬರೆಯುತ್ತೇವೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಾವು ರಸ್ತೆಗೆ ವಿರೋಧಿಗಳಲ್ಲ, ಬಂದರಿಗೆ ವಿರೋಧಿಗಳಲ್ಲ, ಕಾರ್ಖಾನೆಗಂತೂ ಅಲ್ಲವೇ ಅಲ್ಲ. ದುಡಿಯುವವನ ಪತ್ರಿಕೆ ಕಾರ್ಖಾನೆ ಬೇಡವೆಂದರೆ ಅದು ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡಂತೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಊರಿನ ಬಡವ ಕಾರ್ಖಾನೆಯನ್ನು ನಂಬಿ ಬದುಕಿದ್ದಾನೆ. ನವಮಂಗಳೂರು ಬಂದರು 1974ರಲ್ಲಿ ಮಹಾಬಂದರೆಂದು ಘೋಷಿತವಾಗಿ 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಯಾಯಿತು. ಆ ಬಳಿಕ ರಸಗೊಬ್ಬರದ ಕಾರ್ಖಾನೆ ಬಂತು, 1996ರಲ್ಲಿ ಎಂಆರ್‌ಪಿಎಲ್ ತೈಲಾಗಾರ ಕೆಲಸ ಆರಂಭಿಸಿತು. ಇವುಗಳಿಂದ ಸಾವಿರಾರು ಒಲೆಗಳು ಉರಿಯುತ್ತಿವೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಆ ಒಲೆಗಳು ಉರಿಯುವುದಕ್ಕೆ ಬೇರೆ ಕೆಲವು ಒಲೆಗಳು ಆರಿದವು ಎಂಬುದೂ ಅಷ್ಟೇ ನಿಜ. ಬಂದರಿಗಾಗಿ ಪಣಂಬೂರು, ಬೈಕಂಪಾಡಿ ಬದಿಯ ಸಂಸಾರಗಳು ಮನೆ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರದ ಕಡೆಗೆ ಹೋಗಿ ಹೊಸದಾಗಿ ಬದುಕು ಕಟ್ಟಿಕೊಂಡವು. ಆಮೇಲೆ ಒಂದರ ಹಿಂದೊಂದರಂತೆ ಯೋಜನೆಗಳು ಬಂದಾಗಲೆಲ್ಲ ನಗರದ ಬಡಗು ಬದಿಯ ಹಳ್ಳಿಗಳೇ ನೆಲ ಕೊಟ್ಟವು. ಹೀಗೆ ನೆಲ ಕೊಟ್ಟವರೆಲ್ಲ ದೊಡ್ಡ ಒಡೆಯರೆಂದು ಯಾರೂ ತಿಳಿಯಬೇಕಾಗಿಲ್ಲ. ಈ ಜಿಲ್ಲೆಯಲ್ಲಿ ಅನೇಕರು ನಿನ್ನೆ ಮೊನ್ನೆಯ ತನಕ ಚಾಲಗೇಣಿಯ ಒಕ್ಕಲುಗಳು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ, ದೇವರಾಜ ಅರಸರ ಕಾಲದಲ್ಲಿ, ಭೂನ್ಯಾಯ ಮಂಡಳಿಗಳ ಮುಂದೆ ಅರ್ಜಿ ಹಿಡಿದು ನಿಂತು ಒಂದೆರಡು ಎಕರೆ ದಕ್ಕಿಸಿಕೊಂಡವರು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ನೇಗಿಲು ಹಿಡಿದು ಸತ್ಯಾಗ್ರಹಕ್ಕಿಳಿದರಲ್ಲ, ಆ ಕೂಗಿನ ಫಲ ಇಲ್ಲಿಯೂ ಬಂದದ್ದು ಹೀಗೆ. ಧಣಿಯಿಂದ ಬಿಡಿಸಿ ಕೊಟ್ಟ ಅದೇ ನೆಲವನ್ನು ಒಂದು ತಲೆಮಾರು ಕಳೆಯುವುದರೊಳಗೆ ಸರಕಾರವೇ ಬಂದು ಕಂಪೆನಿಗೆಂದು ಕೇಳಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಇರಲಿ. ಸಾರ್ವಜನಿಕ ಕಾರ್ಯಕ್ಕೆ ನೆಲ ಬೇಕು, ಯಾರಾದರೂ ಕೊಡಲೇಬೇಕು ಎಂಬುದನ್ನು ಒಪ್ಪೋಣ. ನಮ್ಮ ತಕರಾರು ನೆಲ ಕೇಳಿದ್ದಕ್ಕಲ್ಲ, ಕೇಳಿದ ರೀತಿಗೆ. ಕೇಳುವಾಗ ಸರಕಾರ ಮುಂದೆ ನಿಲ್ಲುತ್ತದೆ, ಪೊಲೀಸು ಹಿಂದೆ ನಿಲ್ಲುತ್ತದೆ. ಕೊಟ್ಟ ಮಾತು ಉಳಿಸುವ ದಿವಸ ಬಂದಾಗ ಮುಂದೆಯೂ ಯಾರಿಲ್ಲ, ಹಿಂದೆಯೂ ಯಾರಿಲ್ಲ. ಇದೇ ನಮ್ಮ ದೂರಿನ ತಿರುಳು. ಇನ್ನು ಅದರ ವಿವರ.

ಮಂಗಳೂರು ವಿಶೇಷ ಆರ್ಥಿಕ ವಲಯದ ಕತೆಯನ್ನೇ ತೆಗೆದುಕೊಳ್ಳಿ. ಕೇಂದ್ರ ಸರಕಾರದ ವಿಶೇಷ ಆರ್ಥಿಕ ವಲಯ ಕಾಯಿದೆ 2005ರದು. ಮರುವರ್ಷ, 2006ರಲ್ಲಿ, ಇಲ್ಲಿ ಎಂಎಸ್‌ಇಝಡ್ ಎಂಬ ಕಂಪೆನಿ ಹುಟ್ಟಿತು. ಅದರ ಪಾಲುದಾರರಲ್ಲಿ ಕೇಂದ್ರ ಸರಕಾರದ ಓಎನ್‌ಜಿಸಿ ಇತ್ತು, ಐಎಲ್ ಅಂಡ್ ಎಫ್‌ಎಸ್ ಎಂಬ ಹಣಕಾಸಿನ ಸಂಸ್ಥೆ ಇತ್ತು, ನಮ್ಮ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿಯೂ ಇತ್ತು. ಬಜ್ಪೆ, ಕಳವಾರು, ಪೆರ್ಮುದೆ, ತೋಕೂರು ಆಸುಪಾಸಿನಲ್ಲಿ ಮೊದಲನೆಯ ಹಂತಕ್ಕೆಂದು ಸುಮಾರು 1,800 ಎಕರೆ ತೆಗೆದುಕೊಂಡರು. ತೆಗೆದುಕೊಂಡವರು ಯಾರು? ಅದೇ ಕೆಐಎಡಿಬಿ. ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನಿಮ್ಮ ಅಂಗಡಿಯ ಜಾಗಕ್ಕೂ ಪಕ್ಕದವನಿಗೂ ತಕರಾರು ಬಂದಿದೆ ಎನ್ನಿ. ನ್ಯಾಯ ತೀರ್ಮಾನಕ್ಕೆ ಕೂತ ಪಂಚನೇ ಪಕ್ಕದವನ ವ್ಯಾಪಾರದಲ್ಲಿ ಪಾಲುದಾರನಾದರೆ ನೀವು ಆ ಪಂಚಾಯತಿಗೆ ಒಪ್ಪುತ್ತೀರಾ? ಬಜ್ಪೆಯ ರೈತನಿಗೆ ಒಪ್ಪದೆ ಬೇರೆ ದಾರಿ ಇರಲಿಲ್ಲ.

ಕೆಐಎಡಿಬಿ ನೆಲ ತೆಗೆದುಕೊಳ್ಳುವುದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ಕೆಳಗೆ. ಅದರ 28ನೆಯ ಕಲಮಿನಲ್ಲಿ ಎಲ್ಲವೂ ಇದೆ. ಮೊದಲು ಪ್ರಾಥಮಿಕ ಅಧಿಸೂಚನೆ. ಬಳಿಕ ಜಮೀನಿನವನಿಗೆ ನೋಟೀಸು. ಆಕ್ಷೇಪಣೆ ಹೇಳಲು 30 ದಿವಸ. ಆಕ್ಷೇಪಣೆ ಕೇಳಿದ ಶಾಸ್ತ್ರ ಮುಗಿದ ಮೇಲೆ ಅಂತಿಮ ಘೋಷಣೆ. ಆ ಘೋಷಣೆ ರಾಜ್ಯಪತ್ರದಲ್ಲಿ ಅಚ್ಚಾದ ಕ್ಷಣವೇ ನೆಲ ಸರಕಾರದ್ದಾಗುತ್ತದೆ. ದುಡ್ಡು ಕೈಗೆ ಬಂತೆ, ಬೇರೆ ಮನೆ ಆಯಿತೆ ಎಂಬುದು ಆಮೇಲಿನ ಮಾತು. ದರದ ವಿಷಯದಲ್ಲಿ 29ನೆಯ ಕಲಮಿನಂತೆ ಒಪ್ಪಂದಕ್ಕೆ ಸಹಿ ಹಾಕಿದವನಿಗೆ ಮುಂದೆ ಹೆಚ್ಚು ಕೇಳುವ ದಾರಿ ಮುಚ್ಚಿದಂತೆಯೇ ಸರಿ. ಸಹಿ ಹಾಕುವ ಮೊದಲು ಇದನ್ನು ಅವನಿಗೆ ಕೂತು ಬಿಡಿಸಿ ಹೇಳಬೇಕೆಂಬ ಕಟ್ಟಳೆ ಇಲ್ಲ. ಆ ನೆಲದ ಮೇಲೆ ಏನು ಬರುತ್ತದೆ, ಹೊಗೆ ಎಷ್ಟು, ನೀರು ಎಲ್ಲಿಂದ, ಕೆಲಸ ಎಷ್ಟು ಮಂದಿಗೆ ಎಂದು ಊರವರ ಮುಂದೆ ಓದಬೇಕೆಂದೂ ಇಲ್ಲ.

ಇನ್ನು ದಕ್ಷಿಣ ಕನ್ನಡದ ನೆಲಕ್ಕೆ ಅದರದೇ ಆದ ಕಷ್ಟವುಂಟು. ನಮ್ಮಲ್ಲಿ ವರ್ಗದ ಗದ್ದೆಯ ಹಿಂದೆ ಕುಮ್ಕಿ ಗುಡ್ಡ ಇರುತ್ತದೆ. ಗೊಬ್ಬರದ ಸೊಪ್ಪು, ಸೌದೆ, ದನದ ಮೇವು ಎಲ್ಲವೂ ಅಲ್ಲಿಂದಲೇ. ಗೇರು ಮರವೂ ಅಲ್ಲಿಯೇ. ರೈತನ ಲೆಕ್ಕದಲ್ಲಿ ಗದ್ದೆಯೂ ಕುಮ್ಕಿಯೂ ಒಂದೇ ಬದುಕು. ಕಂದಾಯ ಇಲಾಖೆಯ ಪುಸ್ತಕದಲ್ಲಿ ಮಾತ್ರ ಕುಮ್ಕಿ ಸರಕಾರಿ ಜಮೀನು. ಸ್ವಾಧೀನದ ದಿವಸ ಅಧಿಕಾರಿ ಗದ್ದೆಗೆ ಬೆಲೆ ಕಟ್ಟುತ್ತಾನೆ. ತಲೆತಲಾಂತರದಿಂದ ಅನುಭವಿಸಿದ ಕುಮ್ಕಿಯ ಹೆಸರೆತ್ತಿದರೆ, ಅದು ನಿಮ್ಮದಲ್ಲವಲ್ಲ ಎನ್ನುತ್ತಾನೆ. ನಾಗಬನಕ್ಕೂ ದೈವಸ್ಥಾನಕ್ಕೂ ಯಾವ ದರಪಟ್ಟಿಯಲ್ಲಿ ಬೆಲೆಯಿದೆ? ಆ ಗದ್ದೆಯಲ್ಲಿ ನಾಟಿಗೂ ಕೊಯ್ಲಿಗೂ ಬರುತ್ತಿದ್ದ ಕೂಲಿ ಹೆಂಗಸಿನ ಹೆಸರು ಯಾವ ಪಟ್ಟಿಯಲ್ಲಿದೆ? ಪಹಣಿಯಲ್ಲಿ ಹೆಸರಿಲ್ಲದವರು ಲೆಕ್ಕಕ್ಕೇ ಬರಲಿಲ್ಲ. ನೆಲ ಹೋದ ಮೇಲೆ ಅವರೆಲ್ಲ ಎಲ್ಲಿಗೆ ಹೋದರು? ನಗರದ ಅಂಚಿನ ಬಾಡಿಗೆ ಕೋಣೆಗಳಿಗೆ ಬಂದರು. ಶಕ್ತಿನಗರದಂಥ ಬಡಾವಣೆಗಳಲ್ಲಿ ಬಾಡಿಗೆ ಏರುವುದಕ್ಕೂ, ಗುತ್ತಿಗೆದಾರನ ಗೇಟಿನಲ್ಲಿ ಕೂಲಿ ಇಳಿಯುವುದಕ್ಕೂ ಇದೊಂದು ಕಾರಣ. ನಮ್ಮ ವ್ಯಾಪಾರಿ ಮಿತ್ರರು ಕೇಳಿದ "ನಮ್ಮ ಗಂಟೇನು ಹೋಗುತ್ತದೆ" ಎಂಬ ಪ್ರಶ್ನೆಗೆ ಇದು ಮೊದಲನೆಯ ಉತ್ತರ.

ಎರಡನೆಯ ಉತ್ತರ ಇನ್ನೂ ಹತ್ತಿರದ್ದು. ಅದು ಕೆಲಸದ ಮಾತು.

ಆರ್ಥಿಕ ವಲಯಕ್ಕೆ ಮನೆ ಮಠ ಬಿಟ್ಟುಕೊಟ್ಟ ಕುಟುಂಬಗಳಿಗೆ ಪರಿಹಾರದ ಹಣದ ಜತೆಗೆ ಒಂದು ಉದ್ಯೋಗದ ಭರವಸೆ ಕೊಟ್ಟಿದ್ದರು. ಹೀಗೆ ಕೆಲಸ ಸಿಕ್ಕಿದ ಯುವಕರಲ್ಲಿ ಕೆಲವರು ವಲಯದೊಳಗೆ ಬಂದ ಜೆಬಿಎಫ್ ಪೆಟ್ರೋಕೆಮಿಕಲ್ಸ್ ಎಂಬ ಖಾಸಗಿ ಕಾರ್ಖಾನೆಗೆ ಸೇರಿದರು. ಪಾಲಿಯೆಸ್ಟರ್ ನೂಲಿಗೆ ಬೇಕಾದ ಕಚ್ಚಾವಸ್ತು ತಯಾರಿಸುವ ಭಾರೀ ಕಾರ್ಖಾನೆ ಅದು. ಆದರೆ ಅದು ಸರಿಯಾಗಿ ನಡೆಯುವ ಮೊದಲೇ ಸಾಲದಲ್ಲಿ ಮುಳುಗಿತು, ಉತ್ಪಾದನೆ ನಿಂತಿತು, ದಿವಾಳಿಯ ನ್ಯಾಯಮಂಡಳಿಗೆ ಹೋಯಿತು. 2023ರಲ್ಲಿ ಕೇಂದ್ರ ಸರಕಾರದ ಗೇಲ್ ಸಂಸ್ಥೆ ಸುಮಾರು 2,100 ಕೋಟಿ ರೂಪಾಯಿಗೆ ಅದನ್ನು ಕೊಂಡುಕೊಂಡಿತು. ಯಂತ್ರಗಳು ಹೊಸ ಒಡೆಯನಿಗೆ ಹೋದವು. ನೆಲ ಹೋಯಿತು. ಕಟ್ಟಡ ಹೋಯಿತು. ಆದರೆ ಆ ನೆಲ ಕೊಟ್ಟವರ ಮಕ್ಕಳ ಕೆಲಸ ಮಾತ್ರ ಹೊಸ ಒಡೆಯನ ಜತೆಗೆ ತಾನಾಗಿ ಹೋಗಲಿಲ್ಲ. ನಮ್ಮನ್ನು ಮರಳಿ ತೆಗೆದುಕೊಳ್ಳಿರೆಂದು ಅವರು ಗೇಟಿನ ಮುಂದೆಯೂ ಕಚೇರಿಗಳ ಮುಂದೆಯೂ ನಿಂತು ಕೇಳಬೇಕಾಯಿತು.

ಗಿರಣಿಯಲ್ಲಿ ದುಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಒಡೆಯ ಬದಲಾದಾಗ ಮೊದಲು ಹೋಗುವುದು ಹಳೆಯ ಮಸ್ಟರು. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಈ ಯುವಕರು ಅರ್ಜಿ ಹಾಕಿ ಕೆಲಸ ಬೇಡಿದವರಲ್ಲ. ಅವರ ಅಪ್ಪಂದಿರು ನೆಲವೆಂಬ ಬಂಡವಳ ಹೂಡಿದವರು. ಸಾಲ ಕೊಟ್ಟ ಬ್ಯಾಂಕು ದಿವಾಳಿಯ ಕೋರ್ಟಿನಲ್ಲಿ ಸಾಲಿಗನೆಂದು ಕೂತಿತು. ನೆಲ ಕೊಟ್ಟ ರೈತನಿಗೆ ಆ ಕೋರ್ಟಿನಲ್ಲಿ ಅಂಥ ಕುರ್ಚಿ ಇರಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!

ಅಂದು ಭರವಸೆ ಕೊಟ್ಟವರು ಯಾರು? ಸರಕಾರವನ್ನು ಕೇಳಿದರೆ ಕಂಪೆನಿಯನ್ನು ಕೇಳಿ ಎನ್ನುತ್ತದೆ. ಹಳೆಯ ಕಂಪೆನಿ ದಿವಾಳಿ. ಹೊಸ ಕಂಪೆನಿಗೆ ಹಳೆಯ ಮಾತಿನ ಹಂಗಿಲ್ಲ. ವಲಯದ ಪಾಲುದಾರ ಐಎಲ್ ಅಂಡ್ ಎಫ್‌ಎಸ್ ಸಂಸ್ಥೆಯೇ 2018ರಲ್ಲಿ ಸಾಲ ತೀರಿಸಲಾರದೆ ಕುಸಿದು, ಕೇಂದ್ರ ಸರಕಾರ ಅದರ ಆಡಳಿತ ಮಂಡಳಿಯನ್ನು ಬದಲಾಯಿಸಬೇಕಾಯಿತು. ನೆಲ ಹಿಡಿಯುವಾಗ ಇವರೆಲ್ಲರೂ ಕೈಗೆ ಕೈ ಸೇರಿಸಿ ನಿಂತಿದ್ದರು. ಉತ್ತರ ಹೇಳುವಾಗ ಪ್ರತಿಯೊಬ್ಬನೂ ಪಕ್ಕದವನ ಕಡೆಗೆ ಬೆರಳು ತೋರಿಸುತ್ತಾನೆ.

ನಮ್ಮ ಮಿತ್ರರು ಇನ್ನೂ ಒಂದು ಮಾತು ಹೇಳಿಯಾರು: "ಇಷ್ಟೆಲ್ಲ ಕಟ್ಟಳೆ ಮಾಡಿದರೆ ಯಾವ ಕೈಗಾರಿಕೆಯೂ ಬರಲಿಕ್ಕಿಲ್ಲ, ನೆಲ ಅನಿವಾರ್ಯವಲ್ಲವೆ?" ಅನಿವಾರ್ಯವೆಂಬ ಶಬ್ದವನ್ನು ನಾವು ಬಹಳ ಸಲ ಕೇಳಿದ್ದೇವೆ. ಇದೇ ಆರ್ಥಿಕ ವಲಯದ ಎರಡನೆಯ ಹಂತಕ್ಕೆ ಕುತ್ತೆತ್ತೂರು, ಪೆರ್ಮುದೆ, ತೆಂಕ ಎಕ್ಕಾರು ಕಡೆಯಲ್ಲಿ 2,035 ಎಕರೆ ಬೇಕೇ ಬೇಕೆಂದು ಸರಕಾರ ಅಧಿಸೂಚನೆ ಹೊರಡಿಸಿತ್ತು. ಊರವರು ಒಗ್ಗಟ್ಟಾಗಿ ನಿಂತರು. ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮಿಗಳೂ ಕೃಷಿಕರ ಪರವಾಗಿ ಮಾತಾಡಿದರು. 2011ರಲ್ಲಿ ಆ ಅಧಿಸೂಚನೆಯನ್ನು ಸರಕಾರ ಕೈಬಿಟ್ಟಿತು. ಅದರಿಂದ ಬಂದರು ಮುಚ್ಚಿತೆ? ತೈಲಾಗಾರ ನಿಂತಿತೆ? ಇಲ್ಲ. ಹಾಗಾದರೆ 2,035 ಎಕರೆ ಅನಿವಾರ್ಯವೆಂದು ಬರೆದ ಕೈ ಯಾವುದು? ಯಾವ ಲೆಕ್ಕದ ಮೇಲೆ ಬರೆಯಿತು? ತಪ್ಪು ಲೆಕ್ಕ ಬರೆದದ್ದಕ್ಕೆ ಅದರ ಮೇಲೆ ಕ್ರಮವೇನಾಯಿತು? ಅಷ್ಟು ವರ್ಷ ಊರವರು ಮಾಡಿಗೆ ಹಂಚು ಹೊದೆಸಲಾರದೆ, ಜಾಗ ಅಡವಿಟ್ಟು ಸಾಲ ಎತ್ತಲಾರದೆ ಕಳೆದ ರಾತ್ರಿಗಳಿಗೆ ಯಾರು ಹೊಣೆ?

ಬೆಂಗಳೂರು ಬದಿಯ ದೇವನಹಳ್ಳಿಯಲ್ಲೂ ಇದೇ ಆಯಿತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ವಿಮಾನ ಕೈಗಾರಿಕೆಗೆ ಬೇಕೆಂದು ಇದೇ ಕೆಐಎಡಿಬಿ ಹೊರಟಿತು. ರೈತರು ಮೂರು ವರ್ಷ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಟ್ಟೆವೆಂದು ಪ್ರಕಟಿಸಿದರು. ಬಂಗಾಳದ ಸಿಂಗೂರಿನಲ್ಲಿ ಮೋಟಾರು ಕಾರ್ಖಾನೆಗೆಂದು ಹಿಡಿದ ಸುಮಾರು 1,000 ಎಕರೆಯನ್ನು ರೈತರಿಗೆ ಮರಳಿಸಿರೆಂದು ಸುಪ್ರೀಂ ಕೋರ್ಟು 2016ರಲ್ಲಿ ಆಜ್ಞೆ ಮಾಡಿತು. ಹಿಡಿದು ಹತ್ತು ವರ್ಷವಾಗಿತ್ತು. ಇನ್ನು ದೇಶದ ಮಹಾಲೆಕ್ಕಪರಿಶೋಧಕರು 2014ರಲ್ಲಿ ವಿಶೇಷ ಆರ್ಥಿಕ ವಲಯಗಳ ಮೇಲೆ ಕೊಟ್ಟ ವರದಿ ನೋಡಿ: ಅಧಿಸೂಚನೆಯಾದ 45,635 ಹೆಕ್ಟೇರಿನಲ್ಲಿ ಕೆಲಸ ಆರಂಭವಾದದ್ದು 28,488 ಹೆಕ್ಟೇರಿನಲ್ಲಿ ಮಾತ್ರ. ಬೇಕೆಂದು ಬರೆದದ್ದರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ನೆಲ ಸುಮ್ಮನೆ ಬಿದ್ದಿತ್ತು. ಅನಿವಾರ್ಯದ ಹಣೆಬರಹ ಇಷ್ಟು.

ಕಾನೂನೇ ಇಲ್ಲವೆ ಎಂದು ಕೇಳಬಹುದು. ಇದೆ. ಬ್ರಿಟಿಷರ 1894ರ ಕಾಯಿದೆಯನ್ನು ತೆಗೆದುಹಾಕಿ ಸಂಸತ್ತು 2013ರಲ್ಲಿ ಹೊಸ ಕಾಯಿದೆ ಮಾಡಿತು. ಅದರ ಹೆಸರಿನಲ್ಲೇ ನ್ಯಾಯಯುತ ಪರಿಹಾರ ಮತ್ತು ಪಾರದರ್ಶಕತೆ ಎಂಬ ಶಬ್ದಗಳಿವೆ. 2014ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಖಾಸಗಿ ಕಂಪೆನಿಗೆ ನೆಲ ಬೇಕಾದರೆ ನೂರಕ್ಕೆ 80 ಕುಟುಂಬಗಳ ಒಪ್ಪಿಗೆ ಬೇಕು. ಸರಕಾರ ಖಾಸಗಿಯವರೊಡನೆ ಸೇರಿ ಮಾಡುವ ಯೋಜನೆಗೆ 70 ಬೇಕು. ಸ್ವಾಧೀನಕ್ಕೆ ಮೊದಲೇ ಸಾಮಾಜಿಕ ಪರಿಣಾಮದ ಅಧ್ಯಯನ ನಡೆಸಿ, ಅದನ್ನು ಊರಿನ ಭಾಷೆಯಲ್ಲಿ ಪಂಚಾಯತಿಗೆ ಕೊಟ್ಟು, ಬಹಿರಂಗ ವಿಚಾರಣೆ ಮಾಡಬೇಕು. ಐದು ವರ್ಷ ಉಪಯೋಗಿಸದೆ ಬಿಟ್ಟ ನೆಲವನ್ನು ಹಳೆಯ ಒಡೆಯನಿಗೋ ಸರಕಾರದ ಭೂಬ್ಯಾಂಕಿಗೋ ಮರಳಿಸಬೇಕು. ನೆಲವಿಲ್ಲದೆ ಅದೇ ಜಾಗದಲ್ಲಿ ಮೂರು ವರ್ಷದಿಂದ ದುಡಿದು ಬದುಕಿದ ಗೇಣಿದಾರ, ಕೂಲಿಯಾಳು, ಕಸುಬುದಾರ ಸಹ ಸಂತ್ರಸ್ತನೇ ಎಂದು ಆ ಕಾಯಿದೆ ಒಪ್ಪುತ್ತದೆ. ಸಣ್ಣ ವ್ಯಾಪಾರಿಗೆ ಕನಿಷ್ಠ 25,000 ರೂಪಾಯಿಯ ಸಹಾಯಧನವನ್ನು ಹೇಳಿದೆ. ಕುಟುಂಬಕ್ಕೊಂದು ಕೆಲಸ, ಇಲ್ಲವೆ 5 ಲಕ್ಷ ರೂಪಾಯಿ, ಇಲ್ಲವೆ 20 ವರ್ಷ ತಿಂಗಳಿಗೆ 2,000 ರೂಪಾಯಿಗೆ ಕಡಿಮೆಯಿಲ್ಲದ ವರ್ಷಾಶನ ಎಂದೂ ಹೇಳಿದೆ.

ಇಷ್ಟು ಒಳ್ಳೆಯ ಕಾಯಿದೆಯನ್ನು ಮುಂಬಾಗಿಲಿನಲ್ಲಿ ಇಟ್ಟು, ಹಿಂಬಾಗಿಲಿನಲ್ಲಿ ದಾರಿ ಮಾಡಿಕೊಂಡರು. ಕೇಂದ್ರ ಸರಕಾರ 2014ರ ಡಿಸೆಂಬರ್ 31ರಂದು ಸುಗ್ರೀವಾಜ್ಞೆ ತಂದು ಒಪ್ಪಿಗೆಯ ಕಲಮನ್ನು ಸಡಿಲಿಸಲು ಹೊರಟಿತು. ದೇಶದ ರೈತರು ಎದ್ದರು. 2015ರ ಆಗಸ್ಟಿನಲ್ಲಿ ಅದು ಸತ್ತುಹೋಯಿತು. ಆದರೆ ಕೇಂದ್ರದಲ್ಲಿ ಸೋತದ್ದನ್ನು ರಾಜ್ಯಗಳು ಮಾಡಿದವು. ಕರ್ನಾಟಕ 2019ರ ತಿದ್ದುಪಡಿಯಿಂದ ಕೈಗಾರಿಕಾ ಕಾರಿಡಾರು, ಮೂಲಸೌಕರ್ಯ ಮುಂತಾದ ಯೋಜನೆಗಳನ್ನು ಪರಿಣಾಮದ ಅಧ್ಯಯನದಿಂದ ಹೊರಗಿಡುವ ಅಧಿಕಾರ ಪಡೆಯಿತು. ಹೆದ್ದಾರಿ, ರೈಲು ಮುಂತಾದ 13 ಕೇಂದ್ರ ಕಾಯಿದೆಗಳ ಸ್ವಾಧೀನಕ್ಕೆ ಒಪ್ಪಿಗೆಯೂ ಬೇಡ, ಅಧ್ಯಯನವೂ ಬೇಡ. ಪರಿಹಾರ ಮತ್ತು ಪುನರ್ವಸತಿಯ ಅನುಸೂಚಿಗಳು ಮಾತ್ರ ಅನ್ವಯ. ಇನ್ನು ಕೆಐಎಡಿಬಿಯದು 1966ರ ತನ್ನದೇ ಕಾಯಿದೆ. ಹಳೆಯ ಸ್ವಾಧೀನಗಳು ರದ್ದಾಗುವ ಹೊಸ ಕಾಯಿದೆಯ ಕಲಮು ಅದಕ್ಕೆ ಅನ್ವಯಿಸುವುದಿಲ್ಲವೆಂದು 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಕಾಯಿದೆಯ ಹೆಸರಿನಲ್ಲಿ ಪಾರದರ್ಶಕತೆ, ನಡತೆಯಲ್ಲಿ ಪರದೆ!

ಈಗ ಶಕ್ತಿನಗರದ ಬುಡಕ್ಕೇ ಬರೋಣ. ಕುಲಶೇಖರದಿಂದ ಕಾರ್ಕಳದ ಸಾಣೂರಿನ ತನಕ ಸುಮಾರು 45 ಕಿಲೋಮೀಟರು ಉದ್ದಕ್ಕೆ 169ನೆಯ ರಾಷ್ಟ್ರೀಯ ಹೆದ್ದಾರಿಯನ್ನು ನಾಲ್ಕು ಪಥ ಮಾಡುವ ಯೋಜನೆ ನಮ್ಮ ಕಣ್ಣ ಮುಂದಿನದು. ಪರಿಹಾರದ ದರದ ಮೇಲೆ ಜಾಗದವರಿಗೂ ಹೆದ್ದಾರಿ ಪ್ರಾಧಿಕಾರಕ್ಕೂ ವ್ಯಾಜ್ಯ ಹತ್ತಿ ಹೈಕೋರ್ಟಿನ ತನಕ ಹೋಯಿತು. ಕೆಲಸ ವರ್ಷಗಟ್ಟಲೆ ಎಳೆಯಿತು. ಮೊದಲೇ ದರವನ್ನೂ ಅದರ ಆಧಾರವನ್ನೂ ಎಲ್ಲರ ಮುಂದೆ ಇಟ್ಟಿದ್ದರೆ ಇಷ್ಟು ಎಳೆಯುತ್ತಿತ್ತೆ? ಗುಟ್ಟಿನಿಂದ ಕೆಲಸ ಬೇಗ ಆಗುತ್ತದೆಂಬುದು ಅಧಿಕಾರಿಗಳ ಭ್ರಮೆ. ಗುಟ್ಟಿನ ಬಡ್ಡಿಯನ್ನು ಕೊನೆಗೆ ತೆರುವವನು ಧೂಳು ಕುಡಿದು ಗಿರಾಕಿ ಕಳೆದುಕೊಂಡ ರಸ್ತೆಬದಿಯ ವ್ಯಾಪಾರಿ.

1956ರ ಹೆದ್ದಾರಿ ಕಾಯಿದೆಯಲ್ಲಿ ಆಕ್ಷೇಪಣೆಗೆ ಸಿಗುವುದು 21 ದಿವಸ. ದರ ಒಪ್ಪದಿದ್ದರೆ ಮಧ್ಯಸ್ಥಗಾರನ ಬಳಿ ಹೋಗಬೇಕು. ಆ ಮಧ್ಯಸ್ಥಗಾರನನ್ನು ನೇಮಿಸುವುದು ಕೇಂದ್ರ ಸರಕಾರವೇ. 1997ರಲ್ಲಿ ಈ ಕಾಯಿದೆಗೆ ಸೇರಿಸಿದ ಕಲಮೊಂದು ಹೆದ್ದಾರಿಗೆ ಜಾಗ ಕಳಕೊಂಡವರಿಗೆ ಉಳಿದ ಸ್ವಾಧೀನಗಳಲ್ಲಿ ಸಿಗುವ ಸಾಂತ್ವನದ ಮೊತ್ತವನ್ನೂ ಬಡ್ಡಿಯನ್ನೂ ತಪ್ಪಿಸಿತ್ತು. ಅದು ಸಮಾನತೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟು ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2019ರಲ್ಲಿ. ಇಪ್ಪತ್ತೆರಡು ವರ್ಷ! ಅಷ್ಟರಲ್ಲಿ ಎಷ್ಟು ಮಂದಿ ಸಿಕ್ಕಿದ್ದನ್ನು ತೆಗೆದುಕೊಂಡು ಸುಮ್ಮನಾದರೋ.

ಬಾಡಿಗೆ ಅಂಗಡಿಯವನ ಅವಸ್ಥೆ ಇದಕ್ಕಿಂತಲೂ ಕಷ್ಟ. ನೋಟೀಸು ಬರುವುದು ಕಟ್ಟಡದ ಮಾಲಕನಿಗೆ. ಪರಿಹಾರವೂ ಅವನಿಗೆ. ಹದಿನೈದು ವರ್ಷ ಅದೇ ಕೋಣೆಯಲ್ಲಿ ಕೂತು ಗಿರಾಕಿ ಬೆಳೆಸಿದವನಿಗೆ ತಿಳಿಯುವುದು ಗೋಡೆಗೆ ಕೆಂಪು ಗುರುತು ಬಿದ್ದ ದಿವಸ. ಅನುಸೂಚಿಯಲ್ಲಿ ತನಗೂ ಒಂದು ಪಾಲಿದೆಯೆಂದು ಅವನಿಗೆ ಹೇಳುವವರಿಲ್ಲ. ಕೇಳದೆ ಕೊಡುವವರೂ ಇಲ್ಲ. ನಮ್ಮ ವ್ಯಾಪಾರಿ ಮಿತ್ರರಿಗೆ ಇದು ಮೂರನೆಯ ಉತ್ತರ.

ನಾಲ್ಕನೆಯದು ಶಕ್ತಿನಗರದ್ದೇ. ಮನೆಯಿಲ್ಲದವರಿಗೆಂದು ಜಿ ಪ್ಲಸ್ 3 ಮಾದರಿಯ ವಸತಿ ಕಟ್ಟುವ ಯೋಜನೆ ಇಲ್ಲಿಗೆ ಬಂತು. ಫಲಾನುಭವಿಗಳ ಪಟ್ಟಿಯಾಯಿತು, ಶಂಕುಸ್ಥಾಪನೆಯಾಯಿತು. ಆಮೇಲೆ ಎದ್ದ ತಕರಾರೇನು? ಜಾಗ ಡೀಮ್ಡ್ ಅರಣ್ಯದ ಪಟ್ಟಿಯಲ್ಲಿದೆ ಎಂದು! ಕೆಲಸ ನಿಂತಿತು, ಬಡವರು ಬಾಡಿಗೆ ಕಟ್ಟುತ್ತಲೇ ಕಾದರು. ಅರಣ್ಯದ ಕಾನೂನು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಶಂಕುಸ್ಥಾಪನೆಯ ಕಲ್ಲು ತರುವ ಮೊದಲು ಜಾಗದ ದಾಖಲೆ ನೋಡುವ ಹೊಣೆ ಯಾರದಾಗಿತ್ತು? ಕಂಪೆನಿಗೆ ಸಾವಿರಾರು ಎಕರೆ ಬೇಕಾದಾಗ ನೂರಾರು ಸರ್ವೆ ನಂಬ್ರಗಳ ಕಾಗದ ಪತ್ರ ಬಿಗಿಯಾಗಿ ಸಿದ್ಧವಾಗುತ್ತದೆ. ಬಡವನ ಮನೆಗೆ ಕೆಲವೇ ಎಕರೆ ಬೇಕಾದಾಗ ಒಂದು ಪಟ್ಟಿಯನ್ನು ಮೊದಲೇ ತಿರುವಿ ನೋಡುವವರಿಲ್ಲ.

ಸಣ್ಣ ವ್ಯಾಪಾರಿ ಪ್ರತಿ ರಾತ್ರಿ ಅಂಗಡಿ ಮುಚ್ಚುವ ಮೊದಲು ದಿನವಹಿ ಬರೆಯುತ್ತಾನೆ. ಒಂದು ಸೇರು ಅಕ್ಕಿ ಕಡ ಹೋದರೂ ಯಾರಿಗೆ, ಎಂದು, ಎಷ್ಟಕ್ಕೆ ಎಂದು ಅದರಲ್ಲಿ ಇರುತ್ತದೆ. ತೆರಿಗೆಯವರು ಬಂದು ಕೇಳಿದರೆ ತೋರಿಸಲೇಬೇಕು. ಗಿರಣಿಯ ಕಾರ್ಮಿಕ ಐದು ನಿಮಿಷ ತಡವಾಗಿ ಬಂದರೆ ಅದೂ ಪುಸ್ತಕದಲ್ಲಿ ಏರುತ್ತದೆ. ಹಾಗಾದರೆ ಜನರಿಂದ ಸಾವಿರಾರು ಎಕರೆ ಪಡೆದ ಸರಕಾರಕ್ಕೆ ಒಂದು ಖಾತೆ ಪುಸ್ತಕ ಬೇಡವೆ? ಆ ಪುಸ್ತಕವನ್ನು ನಮ್ಮ ಮುಂದೆ ತೆರೆಯಬೇಡವೆ? ನಾವು ಕೇಳುವುದು ಇಷ್ಟು:

ಒಂದು: ಯಾವ ಸರ್ವೆ ನಂಬ್ರದಿಂದ ಎಷ್ಟು ನೆಲ, ಯಾವ ಉದ್ದೇಶಕ್ಕೆ, ಎಷ್ಟು ದರಕ್ಕೆ ತೆಗೆದರು, ಅದನ್ನು ಯಾವ ಕಂಪೆನಿಗೆ ಎಷ್ಟಕ್ಕೆ ಕೊಟ್ಟರು, ಈಗ ಅದರ ಮೇಲೆ ಏನಿದೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಪಂಚಾಯತಿಯ ಗೋಡೆಯ ಮೇಲೆ, ನಗರದಲ್ಲಾದರೆ ವಾರ್ಡು ಕಚೇರಿಯಲ್ಲಿ, ವರ್ಷಕ್ಕೊಮ್ಮೆ ಹಚ್ಚಬೇಕು. 2005ರ ಮಾಹಿತಿ ಹಕ್ಕಿನ ಕಾಯಿದೆಯ 4ನೆಯ ಕಲಮು ಯಾರೂ ಅರ್ಜಿ ಹಾಕದೆಯೇ ಮಾಹಿತಿ ಪ್ರಕಟಿಸಬೇಕೆಂದು ಹೇಳುತ್ತದೆ. ಹೊಸ ಕಾನೂನು ಬೇಕಿಲ್ಲ, ಇರುವುದನ್ನು ಮಾಡಿದರೆ ಸಾಕು.

ಎರಡು: ನೆಲಕ್ಕೆ ಬದಲಾಗಿ ಕೊಟ್ಟ ಕೆಲಸದ ಭರವಸೆ ಕಂಪೆನಿಯ ಹೆಸರಿಗಲ್ಲ, ನೆಲಕ್ಕೇ ಅಂಟಿರಬೇಕು. ನೆಲ ಯಾರ ಕೈಗೆ ಹೋದರೂ ಆ ಋಣ ಅವರೊಡನೆ ಹೋಗಬೇಕು. ಕಂಪೆನಿ ದಿವಾಳಿಯಾದರೆ ಸ್ವಾಧೀನ ಮಾಡಿಕೊಟ್ಟ ಸರಕಾರವೇ ಹೊಣೆ.

ಮೂರು: ನೆಲ ಹಿಡಿಯುವ ಸಂಸ್ಥೆ ಆ ನೆಲದಲ್ಲಿ ಬರುವ ಕಂಪೆನಿಯ ಪಾಲುದಾರನಾಗಿರಬಾರದು. ಪಂಚನೂ ಪಾಲುದಾರನೂ ಒಬ್ಬನೇ ಆಗಬಾರದು.

ನಾಲ್ಕು: 2013ರ ಕಾಯಿದೆಯ ಅಧ್ಯಯನ, ಒಪ್ಪಿಗೆ, ನೆಲ ಮರಳಿಸುವ ಕಲಮು ಇವು ಕೆಐಎಡಿಬಿಗೂ ಅನ್ವಯವಾಗಬೇಕು. ಅದಕ್ಕೆ ಬೇಕಾದ ತಿದ್ದುಪಡಿಯನ್ನು ವಿಧಾನಸಭೆ ಮಾಡಬೇಕು.

ಐದು: ಸಂತ್ರಸ್ತರ ಪಟ್ಟಿ ಮಾಡುವಾಗ ಪಹಣಿ ಒಂದನ್ನೇ ನೋಡದೆ, ಕುಮ್ಕಿಯ ಅನುಭವಸ್ಥರನ್ನೂ ಕೂಲಿಯಾಳನ್ನೂ ಬಾಡಿಗೆ ಅಂಗಡಿಯವನನ್ನೂ ಎಣಿಸಬೇಕು. ಪಟ್ಟಿಗೆ ಸಹಿ ಹಾಕಿದ ಅಧಿಕಾರಿಯ ಹೆಸರು ಪಟ್ಟಿಯ ಕೆಳಗೇ ಇರಬೇಕು.

ಇದರಲ್ಲಿ ಆಕಾಶ ಕೇಳಿದ್ದೇನೂ ಇಲ್ಲ. ಸಾಲ ಕೊಡುವ ಬ್ಯಾಂಕು ಕೇಳುವುದಕ್ಕಿಂತ ಕಡಿಮೆಯೇ ಕೇಳಿದ್ದೇವೆ.

ಕಾರ್ಮಿಕ ಬಂಧುಗಳಲ್ಲಿಯೂ ವ್ಯಾಪಾರಿ ಮಿತ್ರರಲ್ಲಿಯೂ ಕೊನೆಗೆ ಒಂದು ವಿನಂತಿ. ಬಜ್ಪೆಯ ರೈತ ಬೇರೆ, ಬೈಕಂಪಾಡಿಯ ಕಾರ್ಮಿಕ ಬೇರೆ, ಶಕ್ತಿನಗರದ ಅಂಗಡಿಯವ ಬೇರೆ ಎಂದು ನಾವು ತಿಳಿದುಕೊಂಡಿರುವುದರಿಂದಲೇ ಈ ಪುಸ್ತಕ ಇಷ್ಟು ದಿವಸ ಮುಚ್ಚಿದೆ. ರೈತನಿಗೆ ಹೋಗುವಾಗ ಕಾರ್ಮಿಕ ಸುಮ್ಮನಿದ್ದ; ಕಾರ್ಮಿಕನ ಕೆಲಸ ಹೋಗುವಾಗ ವ್ಯಾಪಾರಿ ಸುಮ್ಮನಿದ್ದ; ವ್ಯಾಪಾರಿಯ ಗೋಡೆಗೆ ಕೆಂಪು ಗುರುತು ಬೀಳುವಾಗ ಮಾತಾಡಲು ಯಾರೂ ಉಳಿದಿರಲಿಲ್ಲ. ಇನ್ನಾದರೂ ಊರಿನಲ್ಲಿ ಎಲ್ಲಿಯಾದರೂ ಅಧಿಸೂಚನೆಯ ಸುದ್ದಿ ಬಂದರೆ ದಿವಸ ಎಣಿಸಲು ಕಲಿಯೋಣ. ಹೆದ್ದಾರಿಗೆ 21, ಕೆಐಎಡಿಬಿಗೆ 30, 2013ರ ಕಾಯಿದೆಗೆ 60. ಆ ಗಡುವಿನೊಳಗೆ ಬರಹದಲ್ಲಿ ಆಕ್ಷೇಪಣೆ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬರಬೇಕು. ಬರೆಯಲು ಬಾರದವರಿಗೆ ಯೂನಿಯನ್ ಕಚೇರಿಯಲ್ಲಿ ಬರೆದುಕೊಡುವ ವ್ಯವಸ್ಥೆಯಾಗಲಿ. ಒಂದು ಅರ್ಜಿಯನ್ನು ಕಸದ ಬುಟ್ಟಿಗೆ ಹಾಕುವುದು ಸುಲಭ; ಸೀಲು ಬಿದ್ದ ಐನೂರು ಅರ್ಜಿಗಳನ್ನು ಹಾಕುವುದು ಅಷ್ಟು ಸುಲಭವಲ್ಲ. ಕುತ್ತೆತ್ತೂರು, ಪೆರ್ಮುದೆಯ ಮಂದಿ 2011ರಲ್ಲಿ ನಮಗೆ ಕಲಿಸಿದ್ದು ಇದನ್ನೇ.

ನಮ್ಮ ಗಂಟೇನು ಹೋಗುತ್ತದೆ ಎಂದು ಕೇಳಿದ ಮಿತ್ರರಿಗೆ ನಮ್ಮ ಉತ್ತರ ಮುಗಿಯಿತು. ಅವರ ದಿನವಹಿಯನ್ನು ಅವರು ಪ್ರತಿ ರಾತ್ರಿ ಬರೆಯುತ್ತಾರೆ. ಸರಕಾರದ ದಿನವಹಿಯನ್ನು ತೆರೆದು ತೋರಿಸಿರೆಂದು ನಮ್ಮೊಡನೆ ಬಂದು ಕೇಳುವರೆಂದು ನಂಬಿದ್ದೇವೆ.